ನೂರಕ್ಕೆ ನಲವತ್ತು ಪೈಸೆ ಕೊಟ್ಟು ಬೆಟ್ಟ ಕೊಂಡವರು

1634ನೇ ಇಸವಿ. ಬೆಂಗಳೂರು ಬಿಜಾಪುರದವರ ಕೈಸೇರುವುದಕ್ಕೆ ಇನ್ನೂ ನಾಲ್ಕು ವರ್ಷವಿದೆ. ಹೈದರಾಲಿ ಲಾಲ್‌ಬಾಗ್ ಮಾಡಿಸುವುದಕ್ಕೆ 126 ವರ್ಷವಿದೆ. ಅಮೆರಿಕ ಎಂಬ ದೇಶ ಹುಟ್ಟುವುದಕ್ಕೇ ಇನ್ನೂ 142 ವರ್ಷವಿದೆ! ಆಗ ಬಾಸ್ಟನ್ ಎಂಬ ಊರು ತಲೆಯೆತ್ತಿ ನಾಲ್ಕೇ ವರ್ಷ. ಆ ಪುಟ್ಟ ಊರಿನವರು ಸೇರಿ ವಿಲಿಯಂ ಬ್ಲ್ಯಾಕ್‌ಸ್ಟನ್ ಎಂಬಾತನಿಂದ ಒಂದಿಷ್ಟು ಬಯಲು ಕೊಂಡರು. ಬೆಲೆ 30 ಪೌಂಡ್. ಮನೆಗೆ ಇಷ್ಟೆಂದು ವಂತಿಗೆ ಹಾಕಿದರು: ಆರು ಶಿಲಿಂಗ್‌ಗೆ ಕಮ್ಮಿಯಿಲ್ಲ, ಕೈಲಾದವರು ಜಾಸ್ತಿ ಕೊಡಬಹುದು. ದನ ಮೇಯಿಸಲು ಊರಿಗೊಂದು ಜಾಗ ಬೇಕಿತ್ತು, ಅಷ್ಟೇ. ನಮ್ಮ ಮಾತಿನಲ್ಲಿ ಗೋಮಾಳ.

ಇದನ್ನು ನಮ್ಮ ಅಳತೆಗೆ ಇಳಿಸೋಣ. ಎಕರೆ, ಚದರ ಮೈಲಿ ಎಂದರೆ ಯಾರ ಮನಸ್ಸಿಗೂ ನಾಟುವುದಿಲ್ಲ. 30×40 ಸೈಟು ಎಂದರೆ ಕರ್ನಾಟಕದಲ್ಲಿ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಒಂದು ಎಕರೆಯಲ್ಲಿ ಇಂಥ 36 ಸೈಟು ಹಿಡಿಯುತ್ತವೆ. ಬಾಸ್ಟನ್ ಕಾಮನ್ ಎಂದು ಹೆಸರಾದ ಆ ಗೋಮಾಳ ಸುಮಾರು 50 ಎಕರೆ, ಅಂದರೆ 1,800 ಸೈಟು. ಮೂವತ್ತು ಪೌಂಡ್ ಎಂದರೆ 600 ಶಿಲಿಂಗ್. ಮನೆಗೆ ಆರರಂತೆ ಹಿಡಿದರೆ ನೂರು ಮನೆ. ಒಂದೊಂದು ಮನೆಯ ಆರು ಶಿಲಿಂಗ್‌ಗೆ ಬಂದದ್ದು 20 ಗುಂಟೆ, ಹದಿನೆಂಟು ಸೈಟು! 390 ವರ್ಷ ದಾಟಿದೆ. ದನಗಳನ್ನು 1830ರಲ್ಲೇ ಹೊರಗಟ್ಟಿದರು. ಆದರೆ ಬಯಲು ಅಲ್ಲೇ ಇದೆ, ಅಮೆರಿಕದ ಅತ್ಯಂತ ದುಬಾರಿ ಪಟ್ಟಣಗಳಲ್ಲೊಂದರ ನಟ್ಟನಡುವೆ.

ಐವತ್ತು ಎಕರೆ ಏನು ಮಹಾ ಅನ್ನುವವರು ಮುಂದಕ್ಕೆ ಬನ್ನಿ. 1853ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕ್‌ಗೆ ಜಾಗ ಗುರುತಿಸಿತು. ಇವತ್ತು ಅದು 843 ಎಕರೆ, ಮೂರೂವರೆ ಲಾಲ್‌ಬಾಗ್. ಜಾಗಕ್ಕೆ ಸುರಿದ ಸಾರ್ವಜನಿಕರ ಹಣ 70 ಲಕ್ಷ ಡಾಲರ್ ಮೀರಿತು. 1867ರಲ್ಲಿ ಅಮೆರಿಕ ರಷ್ಯಾದಿಂದ ಇಡೀ ಅಲಾಸ್ಕವನ್ನು ಕೊಂಡದ್ದು 72 ಲಕ್ಷ ಡಾಲರ್‌ಗೆ. ಹೆಚ್ಚುಕಡಿಮೆ ಒಂದೇ ಬೆಲೆ! ಅಲಾಸ್ಕದ ನೆಲದಲ್ಲಿ ಸೆಂಟ್ರಲ್ ಪಾರ್ಕ್‌ನಂಥವು ನಾಲ್ಕು ಲಕ್ಷಕ್ಕೂ ಹೆಚ್ಚು ಹಿಡಿಯುತ್ತವೆ. ಈ ಲೆಕ್ಕದಲ್ಲಿ ಮರೆಯಬಾರದ ಇನ್ನೊಂದು ಸಂಖ್ಯೆಯಿದೆ: ಪಾರ್ಕಿಗಾಗಿ ಎಬ್ಬಿಸಿದ ಜನ ಸುಮಾರು 1,600. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸೆನೆಕಾ ವಿಲೇಜ್‌ನವರು, ಬಹುಪಾಲು ಕಪ್ಪು ಜನರಿದ್ದ ಹಳ್ಳಿ ಅದು, ಅವರಲ್ಲಿ ಹಲವರು ಸ್ವಂತ ಮನೆ ಮಾಡಿಕೊಂಡಿದ್ದರು.

ಈಗ ಶಿಕಾಗೊ. ಆ ಊರನ್ನು ಒಳಗೊಂಡ ಕುಕ್ ಕೌಂಟಿಯ ಮತದಾರರು 1914ರಲ್ಲಿ ಕಾಡು ಉಳಿಸಲೆಂದೇ ಒಂದು ಪ್ರತ್ಯೇಕ ಸಂಸ್ಥೆ ಬೇಕೆಂದು ಓಟು ಹಾಕಿದರು. ಇವತ್ತು ಅದರ ಕೈಯಲ್ಲಿರುವುದು ಸುಮಾರು 70,000 ಎಕರೆ. 290 ಲಾಲ್‌ಬಾಗ್! ಐವತ್ತು ಲಕ್ಷ ಜನ ಕಿಕ್ಕಿರಿದಿರುವ ಕೌಂಟಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ನೆಲ ಕಾಡಿಗೆ, ಹುಲ್ಲಿಗೆ, ಕೆರೆಗೆ ಮೀಸಲು. 2022ರಲ್ಲಿ ಮತ್ತೆ ಕೇಳಿದರು: ಕಾಡು ನೋಡಿಕೊಳ್ಳಲು ದುಡ್ಡು ಸಾಲದು, ತೆರಿಗೆ ಸ್ವಲ್ಪ ಏರಿಸೋಣವೇ? ಸಾಮಾನ್ಯ ಮನೆಗೆ ಬೀಳುವ ಹೊರೆ ತಿಂಗಳಿಗೆ ಎರಡು ಡಾಲರ್‌ಗಿಂತ ಕಡಿಮೆ. ಮೂವರಲ್ಲಿ ಇಬ್ಬರು ಏರಿಸಿ ಅಂದರು.

ಒಳ್ಳೆಯ ಕಾಲದಲ್ಲಿ ಯಾರು ಬೇಕಾದರೂ ದಾನ ಮಾಡಬಹುದು. 1934 ಒಳ್ಳೆಯ ಕಾಲವಲ್ಲ. ಅಮೆರಿಕದಲ್ಲಿ ದುಡಿಯಬಲ್ಲ ಐವರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಆ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಓಕ್‌ಲ್ಯಾಂಡ್, ಬರ್ಕ್ಲಿ ಕಡೆಯವರ ಮುಂದೆ ಒಂದು ಪ್ರಶ್ನೆ ಬಂತು: ಬೆಟ್ಟಸಾಲನ್ನು ಉಳಿಸಿಕೊಳ್ಳಲು ಆಸ್ತಿಯ ನೂರು ಡಾಲರ್ ಮೌಲ್ಯಕ್ಕೆ ಐದು ಸೆಂಟ್ ತೆರಿಗೆ ಕಟ್ಟುತ್ತೀರಾ? ಬೇಡ ಎಂದ ಪ್ರತಿ ಇಬ್ಬರಿಗೆ ಬೇಕು ಎಂದವರು ಐವರು! ಮೊದಲ ಖರೀದಿ 1936ರಲ್ಲಿ, 2,166 ಎಕರೆ. ಇವತ್ತು ಆ ಈಸ್ಟ್ ಬೇ ಉದ್ಯಾನ ಜಿಲ್ಲೆಯ ಬಳಿ 70ಕ್ಕೂ ಹೆಚ್ಚು ಉದ್ಯಾನಗಳು, 1.25 ಲಕ್ಷ ಎಕರೆ ಮೀರಿದ ನೆಲ. ನಮ್ಮ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ 260 ಚದರ ಕಿ.ಮೀ. ಹಾಗಾದರೆ ಇದು ಹೆಚ್ಚುಕಡಿಮೆ ಎರಡು ಬನ್ನೇರುಘಟ್ಟ. ಅದರೊಳಗಿನ ಕಾಲುದಾರಿಗಳನ್ನು ಒಂದಕ್ಕೊಂದು ಜೋಡಿಸಿದರೆ 2,000 ಕಿ.ಮೀ. ದಾಟುತ್ತದೆ. ಬೆಂಗಳೂರಿನಲ್ಲಿ ಹತ್ತಿದವನು ದೆಹಲಿಯ ಹತ್ತಿರಕ್ಕೆ ಇಳಿಯಬಹುದು.

ಆದರೆ ಲೆಕ್ಕ ಕೇಳಿ ಹುಬ್ಬೇರಿಸಬೇಕಾದ ಊರೆಂದರೆ ಕೊಲರಾಡೊದ ಬೋಲ್ಡರ್. ಊರು ನಿಂತಿರುವ ಜಾಗವೇ ನಂದಿಬೆಟ್ಟದ ತುದಿಗಿಂತ ಎತ್ತರ, ಸಮುದ್ರಮಟ್ಟದಿಂದ 1,600 ಮೀಟರ್‌ಗೂ ಮೇಲೆ. ಅದರ ಬೆನ್ನಿಗೆ ರಾಕಿ ಪರ್ವತದ ಮೊದಲ ಸಾಲು. ಇಂಥ ಜಾಗದಲ್ಲಿ ಬೆಟ್ಟದ ಮೇಲೆಲ್ಲ ಬಂಗಲೆ ಏಳುವುದು ಲೋಕರೂಢಿ. 1959ರಲ್ಲಿ ಊರಿನವರು ಒಂದು ಗೆರೆ ಎಳೆದರು: 5,750 ಅಡಿ. ಆ ಎತ್ತರದಿಂದ ಮೇಲೆ ನಗರದ ನೀರಿನ ಸಂಪರ್ಕವಿಲ್ಲ. ನೀರಿಲ್ಲದ ಮೇಲೆ ಮನೆಯೆಲ್ಲಿ? 1962ರಲ್ಲಿ ಊರಂಚಿನ ದಿಬ್ಬವೊಂದರ ಮೇಲೆ ಐಷಾರಾಮಿ ಹೋಟೆಲ್ ಬರುವುದರಲ್ಲಿತ್ತು. ಜನ ಓಟು ಹಾಕಿ, 1,05,000 ಡಾಲರ್ ಸಾಲ ಎತ್ತಿ, ದಿಬ್ಬವನ್ನೇ ಕೊಂಡುಬಿಟ್ಟರು.

ಒಂದೊಂದು ದಿಬ್ಬಕ್ಕೂ ಹೀಗೆ ಚುನಾವಣೆ ನಡೆಸುತ್ತ ಕೂರಲಾದೀತೇ? 1967ರ ನವೆಂಬರ್‌ನಲ್ಲಿ ಬೋಲ್ಡರ್ ಅದುವರೆಗೆ ಅಮೆರಿಕದ ಯಾವ ನಗರವೂ ಮಾಡದ್ದನ್ನು ಮಾಡಿತು. ಬಯಲು ಕೊಳ್ಳಲೆಂದೇ ತನ್ನ ಮೇಲೆ ತಾನೇ ಮಾರಾಟ ತೆರಿಗೆ ಹಾಕಿಕೊಂಡಿತು. ದರ ನೂರು ಡಾಲರ್ ಖರೀದಿಗೆ 40 ಸೆಂಟ್. ನಮ್ಮ ಲೆಕ್ಕದಲ್ಲಿ ನೂರು ರೂಪಾಯಿ ಸಾಮಾನಿಗೆ 40 ಪೈಸೆ. ಅಂಗಡಿಯವನು ಚಿಲ್ಲರೆಯಿಲ್ಲವೆಂದು ಕೈಗಿಡುವ ಚಾಕೊಲೇಟಿನ ಬೆಲೆಯೂ ಅಲ್ಲ.

ಆ ನಲವತ್ತು ಪೈಸೆಗಳು ಮಾಡಿದ ಕೆಲಸ ನೋಡಿ. ಇವತ್ತು ನಗರದ ಕೈಯಲ್ಲಿರುವ ಬಯಲು, ಬೆಟ್ಟ, ಹುಲ್ಲುಗಾವಲು ಒಟ್ಟು 45,000 ಎಕರೆಗೂ ಹೆಚ್ಚು. ಕಾಪಾಡಿದ ನೆಲ ಊರಿಗಿಂತ ಎರಡೂವರೆ ಪಟ್ಟು ದೊಡ್ಡದು! ಊರಿನ ಜನಸಂಖ್ಯೆ 1.08 ಲಕ್ಷ. ಹಂಚಿದರೆ ತಲೆಗೆ 16 ಗುಂಟೆ ಮೀರುತ್ತದೆ. ಸೈಟಿನ ಲೆಕ್ಕದಲ್ಲಿ ಹದಿನೈದು. ಇವತ್ತು ಬೆಳಿಗ್ಗೆ ಹುಟ್ಟಿದ ಮಗುವಿನ ಹೆಸರಿಗೂ ಹದಿನೈದು ಸೈಟು, ಮಾರುವ ಹಾಗಿಲ್ಲ ಅಷ್ಟೇ. ಅಲ್ಲಿಗೆ ವರ್ಷಕ್ಕೆ ಬೀಳುವ ಭೇಟಿಗಳು 60 ಲಕ್ಷ ದಾಟುತ್ತವೆ. ಜಗತ್ಪ್ರಸಿದ್ಧ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಇದರ 49 ಪಟ್ಟು ದೊಡ್ಡದು, ಆದರೂ ಅಲ್ಲಿಗೆ ಬರುವವರ ಸಂಖ್ಯೆ ವರ್ಷಕ್ಕೆ 45 ಲಕ್ಷದ ಆಸುಪಾಸು. ಒಂದು ಪುಟ್ಟ ಊರಿನ ಹಿತ್ತಲು ಯೆಲ್ಲೊಸ್ಟೋನನ್ನು ಸೋಲಿಸುತ್ತದೆ!

ಊರಾಯಿತು, ಈಗ ರಾಜ್ಯ. ಅಮೆರಿಕದಲ್ಲಿ ಜನ ಅತಿ ಒತ್ತಾಗಿರುವ ರಾಜ್ಯ ನ್ಯೂಜೆರ್ಸಿ. ಚದರ ಕಿಲೊಮೀಟರ್‌ಗೆ ಸುಮಾರು 490 ಮಂದಿ; 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 319. ಕರ್ನಾಟಕದೊಳಗೆ ಎಂಟು ನ್ಯೂಜೆರ್ಸಿ ಕೂತು ಇನ್ನೂ ಜಾಗ ಉಳಿಯುತ್ತದೆ. ಇಷ್ಟು ಇಕ್ಕಟ್ಟಾದ ರಾಜ್ಯ 1961ರಲ್ಲಿ 'ಗ್ರೀನ್ ಏಕರ್ಸ್' ಎಂಬ ಯೋಜನೆಗೆ ಆರು ಕೋಟಿ ಡಾಲರ್ ಸಾಲ ಎತ್ತಬಹುದೇ ಎಂದು ಜನರನ್ನು ಕೇಳಿತು. ಎತ್ತಿ ಅಂದರು. ಮತ್ತೆ ಕೇಳಿತು, ಮತ್ತೆ ಹೂಂ ಅಂದರು. ಹೀಗೆ ಹದಿಮೂರು ಸಲ ಕೇಳಿತು. ಹದಿಮೂರು ಸಲವೂ ಹೂಂ! ಯಾವ ಪಕ್ಷಕ್ಕೆ, ಯಾವ ನಾಯಕನಿಗೆ ಸಿಕ್ಕೀತು ಇಂಥ ಗೆಲುವಿನ ಸರಣಿ?

ಇಷ್ಟು ಸಾಲದೆಂಬಂತೆ ಆ ರಾಜ್ಯದ 21 ಕೌಂಟಿಗಳಿಗೆ 21ರಲ್ಲೂ ಬಯಲಿಗೆಂದೇ ಪ್ರತ್ಯೇಕ ತೆರಿಗೆಯಿದೆ. ಎಡಿಸನ್ ಸುತ್ತಮುತ್ತ ಮನೆ ಮಾಡಿರುವ ಕನ್ನಡಿಗರೂ ಇದಕ್ಕೆ ಪಾಲುದಾರರು. ಅವರ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಶಾಲೆಗಿಷ್ಟು, ಪುರಸಭೆಗಿಷ್ಟು ಎಂಬ ದಪ್ಪ ಮೊತ್ತಗಳ ನಡುವೆ 'ಓಪನ್ ಸ್ಪೇಸ್' ಎಂಬ ಒಂದು ಸಣಕಲು ಸಾಲು ಇರುತ್ತದೆ, ನೂರು ಡಾಲರ್ ಮೌಲ್ಯಕ್ಕೆ ಕೆಲವೇ ಸೆಂಟ್. ಬಹಳ ಮಂದಿ ಅದನ್ನು ಓದುವುದೂ ಇಲ್ಲ. ಅದರ ಕೆಲಸ ಮಾತ್ರ ನಿಂತಿಲ್ಲ.

ನ್ಯೂಜೆರ್ಸಿಯ ಇನ್ನೊಂದು ಖರೀದಿ ಕೇಳಿದರೆ ನಂಬುವುದು ಕಷ್ಟ. ಅಲ್ಲಿ ಸರ್ಕಾರ ರೈತನಿಂದ ಜಮೀನು ಕೊಳ್ಳುವುದಿಲ್ಲ. ಆ ಜಮೀನಿನಲ್ಲಿ ಲೇಔಟ್ ಮಾಡುವ ಹಕ್ಕನ್ನು ಕೊಳ್ಳುತ್ತದೆ. ರೈತ ದುಡ್ಡೆಣಿಸಿಕೊಂಡು ಮರುದಿನ ಅದೇ ಹೊಲಕ್ಕೆ ಹೋಗಿ ಟೊಮ್ಯಾಟೊ ಬೆಳೆಯುತ್ತಾನೆ. ಪಹಣಿ ಅವನದೇ, ಬೇಕೆಂದರೆ ಜಮೀನು ಮಾರಲೂಬಹುದು. ಕೊಂಡವನೂ ಅಲ್ಲಿ ಲೇಔಟ್ ಮಾಡುವಂತಿಲ್ಲ. ಈ ಉಪಾಯವನ್ನು ದೇಶದಲ್ಲಿ ಮೊದಲು ಶುರುಮಾಡಿದ್ದು 1974ರಲ್ಲಿ, ಪಕ್ಕದ ನ್ಯೂಯಾರ್ಕ್ ರಾಜ್ಯದ ಸಫೊಕ್ ಕೌಂಟಿ. ನ್ಯೂಜೆರ್ಸಿ 1983ರಿಂದ ಹಿಡಿದುಕೊಂಡಿತು, ಇಲ್ಲಿಯವರೆಗೆ 2,800ಕ್ಕೂ ಹೆಚ್ಚು ತೋಟ-ಹೊಲಗಳು, ಒಟ್ಟು ಸುಮಾರು 2.5 ಲಕ್ಷ ಎಕರೆ. ಅಂದರೆ 1,000 ಚದರ ಕಿ.ಮೀ. ಬಿಬಿಎಂಪಿ ಕಾಲದ ಇಡೀ ಬೆಂಗಳೂರು 700 ಚಿಲ್ಲರೆ. ಸೈಟು ಮಾಡಿದ್ದರೆ 90 ಲಕ್ಷ ಸೈಟು! ಆ ರಾಜ್ಯದ ಜನಸಂಖ್ಯೆ 93 ಲಕ್ಷ. ಹೆಚ್ಚುಕಡಿಮೆ ತಲೆಗೊಂದು ಸೈಟು, ಆಗಬಹುದಾಗಿದ್ದದ್ದು ಆಗಲಿಲ್ಲ.

ಬಡವರ ಚಿಲ್ಲರೆಯಾಯಿತು, ಶ್ರೀಮಂತರ ಚಿಲ್ಲರೆ ನೋಡೋಣ. ಮ್ಯಾಸಚೂಸೆಟ್ಸ್ ಕರಾವಳಿಯ ನಾಂಟುಕೆಟ್ ದ್ವೀಪ 1983ರಲ್ಲಿ ಹೊಸ ಪದ್ಧತಿ ತಂದಿತು: ಆಸ್ತಿ ಕೊಳ್ಳುವವರು ಬೆಲೆಯ ನೂರಕ್ಕೆ ಎರಡನ್ನು ನೆಲದ ನಿಧಿಗೆ ಕಟ್ಟಬೇಕು. ಮೂವತ್ತು ಲಕ್ಷ ಡಾಲರ್‌ನ ಮನೆ ಕೊಂಡರೆ ಅರವತ್ತು ಸಾವಿರ ಡಾಲರ್ ಬಯಲಿಗೆ. ಇವತ್ತು ಆ ದ್ವೀಪದ ಅರ್ಧದಷ್ಟು ನೆಲ ಒಂದಲ್ಲ ಒಂದು ಬಗೆಯ ರಕ್ಷಣೆಯಲ್ಲಿದೆ. ಲಾಂಗ್ ಐಲೆಂಡ್‌ನ ಪೂರ್ವ ತುದಿಯ ಐದು ಪಟ್ಟಣಗಳು ಇದೇ ಶೇ. 2ರ ತೆರಿಗೆಗೆ 1998ರಲ್ಲಿ ಓಟು ಹಾಕಿದವು. ಕೋಟ್ಯಧೀಶರ ಬೀಚ್ ಬಂಗಲೆಗಳ ಊರುಗಳು ಅವು. ಕಾಲು ಶತಮಾನದಲ್ಲಿ ಕೂಡಿದ ಮೊತ್ತ 200 ಕೋಟಿ ಡಾಲರ್. ದಿನಕ್ಕೆ ಭಾಗಿಸಿ, ಡಾಲರಿಗೆ 85 ರೂಪಾಯಿಯಂತೆ ಗುಣಿಸಿ: ಭಾನುವಾರ, ಹಬ್ಬಹರಿದಿನ ಎನ್ನದೆ ದಿನಕ್ಕೆ ಒಂದೂ ಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು!

ತೆರಿಗೆಯೇ ಬೇಡ ಅನ್ನುವವರಿಗೆ ಲಾಟರಿ. ಕೊಲರಾಡೊ 1992ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ ಲಾಟರಿ ಲಾಭದ ದೊಡ್ಡ ಪಾಲನ್ನು ನೆಲ, ನದಿ, ಆಟದ ಬಯಲುಗಳಿಗೆ ಬಿಟ್ಟುಕೊಟ್ಟಿತು. ಈ ನಿಧಿ 64 ಕೌಂಟಿಗಳನ್ನೂ ಮುಟ್ಟಿದೆ, 10 ಲಕ್ಷ ಎಕರೆಗೂ ಹೆಚ್ಚು ನೆಲ ಉಳಿಸಲು ಕೈಜೋಡಿಸಿದೆ. ಹತ್ತು ಲಕ್ಷ ಎಕರೆ ಎಂದರೆ 4,047 ಚದರ ಕಿ.ಮೀ. ನಮ್ಮ ಕೊಡಗು ಜಿಲ್ಲೆ 4,102. ಭಾಗಮಂಡಲದಿಂದ ಕುಶಾಲನಗರದವರೆಗೆ, ತೋಟ, ಕಾಡು, ಊರು ಎಲ್ಲ ಸೇರಿದ ಕೊಡಗಿನಷ್ಟು ನೆಲ. ಉಳಿಸಿದವರು ಯಾರು? ಬಹುಮಾನ ಬಾರದ ಟಿಕೆಟ್ ಹರಿದು ಬಿಸಾಡಿದ ಲಕ್ಷಾಂತರ ಮಂದಿ. ಲಾಟರಿಯಲ್ಲಿ ಸೋತು ಜಿಲ್ಲೆ ಗೆದ್ದವರು!

ಕೊಡಗು ಚಿಕ್ಕದಾಯಿತೇ? ಫ್ಲಾರಿಡಾಕ್ಕೆ ಬನ್ನಿ. 1990ರಲ್ಲಿ ಅಲ್ಲಿನ ಸರ್ಕಾರ 'ಪ್ರಿಸರ್ವೇಶನ್ 2000' ಎಂದು ಯೋಜನೆ ಹಾಕಿತು: ವರ್ಷಕ್ಕೆ 30 ಕೋಟಿ ಡಾಲರ್, ಹತ್ತು ವರ್ಷ. ಹತ್ತು ವರ್ಷದಲ್ಲಿ ಕೈಸೇರಿದ್ದು 17.5 ಲಕ್ಷ ಎಕರೆಗೂ ಹೆಚ್ಚು, ಅಂದರೆ 7,000 ಚದರ ಕಿ.ಮೀ. ದಾಟಿತು. ಹಾಸನ ಜಿಲ್ಲೆ 6,814. ದಶಕ ತುಂಬುವುದರೊಳಗೆ ಒಂದು ಹಾಸನ ಕೊಂಡು ಮೇಲೊಂದಿಷ್ಟು ಮಿಕ್ಕಿತು. ದಿನಕ್ಕೆ ಸರಾಸರಿ 480 ಎಕರೆ, ಎರಡು ಲಾಲ್‌ಬಾಗ್. ಬೆಳಿಗ್ಗೆ ಒಂದು, ಸಂಜೆ ಒಂದು!

ಆಮೇಲೆ ಖರ್ಚು ಕಡಿತ ಶುರುವಾಯಿತು, ಜನ ತಾಳ್ಮೆಗೆಟ್ಟರು. 2014ರ ನವೆಂಬರ್‌ನಲ್ಲಿ ಫ್ಲಾರಿಡಾದ ಮತಪತ್ರದಲ್ಲಿ ಎರಡು ವಿಷಯ ಒಟ್ಟಿಗೆ ಬಂದವು. ಒಂದು, ಗವರ್ನರ್ ಯಾರಾಗಬೇಕು? ಇನ್ನೊಂದು, ಆಸ್ತಿ ದಸ್ತಾವೇಜುಗಳ ಮುದ್ರಾಂಕ ಶುಲ್ಕದ ಮೂರನೇ ಒಂದು ಪಾಲನ್ನು 20 ವರ್ಷ ನೆಲ-ನೀರಿಗೆ ಮೀಸಲಿಡಬೇಕೇ? ಗವರ್ನರ್ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ರಿಕ್ ಸ್ಕಾಟ್ 28 ಲಕ್ಷ ಚಿಲ್ಲರೆ ಮತ ಪಡೆದು ಕೂದಲೆಳೆಯಲ್ಲಿ ಗೆದ್ದರು. ನೆಲ-ನೀರಿಗೆ ಬಿದ್ದ ಮತ 42 ಲಕ್ಷ, ನೂರಕ್ಕೆ 75! ಗೆದ್ದ ಗವರ್ನರ್‌ಗಿಂತ ಜೌಗುಭೂಮಿಗೆ 13 ಲಕ್ಷ ಓಟು ಜಾಸ್ತಿ. ಇಪ್ಪತ್ತು ವರ್ಷಕ್ಕೆ ಆಗ ಹಾಕಿದ ಅಂದಾಜು 1,800 ಕೋಟಿ ಡಾಲರ್‌ನ ಆಸುಪಾಸು. ಒಂದು ಡಾಲರ್‌ನ ನೋಟು 15.6 ಸೆಂಟಿಮೀಟರ್ ಉದ್ದ. ಅಷ್ಟೂ ನೋಟುಗಳನ್ನು ತುದಿಗೆ ತುದಿ ಹಚ್ಚಿದರೆ 28 ಲಕ್ಷ ಕಿ.ಮೀ., ಭೂಮಿಗೆ ಎಪ್ಪತ್ತು ಸುತ್ತು! ಚಂದ್ರನವರೆಗೆ ಹಾಸುವುದಾದರೆ ಏಳು ಸಲ.

ಇನ್ನು ಕೇಂದ್ರ ಸರ್ಕಾರ. 1964ರಲ್ಲಿ ಕಾಯ್ದೆಯಾದ ನೆಲ-ಜಲ ಸಂರಕ್ಷಣಾ ನಿಧಿಗೆ ದುಡ್ಡು ಬರುವುದು ಸಮುದ್ರದೊಳಗೆ ತೆಗೆಯುವ ತೈಲ, ಅನಿಲದ ರಾಜಧನದಿಂದ. ಕಾಗದದ ಮೇಲೆ ವರ್ಷಕ್ಕೆ 90 ಕೋಟಿ ಡಾಲರ್. ಒಂದೊಂದು ಗ್ರಾಂ ತೂಗುವ ಒಂದು ಡಾಲರ್ ನೋಟುಗಳಲ್ಲಿ ಎಣಿಸಿದರೆ 900 ಟನ್. ಮೈಸೂರು ದಸರಾದ ಚಿನ್ನದ ಅಂಬಾರಿ 750 ಕಿಲೊ. ಅಂದರೆ ವರ್ಷಕ್ಕೆ 1,200 ಅಂಬಾರಿ ತೂಕದ ನೋಟು! ಅಷ್ಟನ್ನು ಹೊರಲು 1,200 ಪಟ್ಟದಾನೆ ಬೇಕು. ಆದರೆ ಅರಮನೆಯ ಬಾಗಿಲು ದಾಟುವಷ್ಟರಲ್ಲಿ ಆನೆಗಳು ಬೇರೆ ದಾರಿ ಹಿಡಿಯುತ್ತಿದ್ದವು. ಅರ್ಧ ಶತಮಾನದಲ್ಲಿ ಈ ನಿಧಿಗೆ ಜಮೆಯಾಗಿಯೂ ಸಂಸತ್ತು ಬೇರೆ ಖರ್ಚಿಗೆ ತಿರುಗಿಸಿದ ಮೊತ್ತ 2,000 ಕೋಟಿ ಡಾಲರ್ ಮೀರಿತು. ಕೊನೆಗೆ 2020ರಲ್ಲಿ, ಎರಡೂ ಪಕ್ಷಗಳು ಒಂದು ಮಾತಿಗೂ ಒಪ್ಪದ ಕಾಲದಲ್ಲಿ, ಸೆನೆಟ್ 73-25, ಕೆಳಮನೆ 310-107 ಮತಗಳಿಂದ 90 ಕೋಟಿಯನ್ನು ಕಡ್ಡಾಯ ಮಾಡಿದವು. ಅಷ್ಟು ಸೋರಿಕೆಯ ನಡುವೆಯೂ ಈ ನಿಧಿ ಊರೂರಿನ ಉದ್ಯಾನ, ಆಟದ ಬಯಲು, ಕೆರೆದಂಡೆಗಳ 40,000ಕ್ಕೂ ಹೆಚ್ಚು ಕೆಲಸಗಳಿಗೆ ಹಣ ಕೊಟ್ಟಿದೆ. ಅರವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಹೆಚ್ಚುಕಡಿಮೆ ಎರಡು.

ಎಲ್ಲ ಊರು, ಎಲ್ಲ ರಾಜ್ಯ ಸೇರಿಸಿ ಮತಪತ್ರಗಳನ್ನಷ್ಟೇ ಎಣಿಸಿದರೆ? 1988ರಿಂದೀಚೆಗೆ ನೆಲ ಉಳಿಸಲು ದುಡ್ಡು ಕೇಳಿ ಜನರ ಮುಂದಿಟ್ಟ ಪ್ರಸ್ತಾವಗಳಲ್ಲಿ ಗೆದ್ದವು 2,000 ದಾಟಿವೆ. ವಾರಕ್ಕೆ ಒಂದಕ್ಕಿಂತ ಹೆಚ್ಚು! ನಾಲ್ಕು ಸಲ ಕೇಳಿದರೆ ಮೂರು ಸಲ ಜನ ಕೊಟ್ಟಿದ್ದಾರೆ. ತೆರಿಗೆ ಎಂದರೆ ಸಿಡಿಮಿಡಿಗುಟ್ಟುವ ದೇಶವೆಂದು ಹೆಸರಾದ ಅಮೆರಿಕದಲ್ಲಿ!

ಇಷ್ಟು ದೊಡ್ಡ ಅಂಕಿಗಳನ್ನು ಮೀರಿಸುವ ಅಂಕಿ ಇನ್ನೊಂದಿದೆ. ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟ್‌ನ ಲೆಕ್ಕದಂತೆ 2001ರಿಂದ 2016ರವರೆಗೆ ಆ ದೇಶ ಕಟ್ಟಡ, ಬಡಾವಣೆಗಳಿಗೆ ಕಳೆದುಕೊಂಡ ಕೃಷಿಭೂಮಿ 1.1 ಕೋಟಿ ಎಕರೆ. ದಿನಕ್ಕೆ ಸುಮಾರು 2,000 ಎಕರೆ. ನೀವು ಊಟಕ್ಕೆ ಕೂತು ಎದ್ದು ಕೈತೊಳೆಯುವ ಅರ್ಧ ಗಂಟೆಯಲ್ಲಿ ನಲವತ್ತು ಎಕರೆ. ಬೋಲ್ಡರ್ ಇಷ್ಟು ವರ್ಷಗಳಲ್ಲಿ ಕೂಡಿಸಿದ್ದನ್ನು ಈ ವೇಗ 23 ದಿನದಲ್ಲಿ ನುಂಗುತ್ತದೆ. ನ್ಯೂಜೆರ್ಸಿ ನಲವತ್ತು ವರ್ಷ ಉಳಿಸಿದ ಹೊಲಗಳಿಗೆ ನಾಲ್ಕು ತಿಂಗಳು ಸಾಕು. ಕೊಡಗು? ಐನೂರು ದಿನ. ಆ 1,200 ಅಂಬಾರಿ ನೋಟನ್ನೂ ಬರೀ ಹೊಲ ಕೊಳ್ಳಲು ಸುರಿದರೆ ಏನಾದೀತು? 2024ರಲ್ಲಿ ಅಲ್ಲಿ ಕೃಷಿ ಆಸ್ತಿಯ ಸರಾಸರಿ ಬೆಲೆ ಎಕರೆಗೆ 4,170 ಡಾಲರ್. ದಿನಕ್ಕೆ ಸಿಗುವುದು 590 ಎಕರೆ. ಹೋಗುವುದು ಎರಡು ಸಾವಿರ, ಬರುವುದು ಆರುನೂರೂ ಇಲ್ಲ!

ಹಾಗಾದರೆ ಸರಿಗಟ್ಟಲು ಎಷ್ಟು ಬೇಕು? ದಿನಕ್ಕೆ 2,000 ಎಕರೆ, ಎಕರೆಗೆ 4,170 ಡಾಲರ್: 83 ಲಕ್ಷ ಡಾಲರ್, ದಿನಾ. ವರ್ಷಕ್ಕೆ 300 ಕೋಟಿ ಮೀರುತ್ತದೆ. ಇಷ್ಟು ಕೇಳಿದ ಯಾವ ಹಣಕಾಸು ಮಂತ್ರಿಯೂ ಕಡತ ಮುಚ್ಚಿಬಿಟ್ಟಾನು. ಮುಚ್ಚುವ ಮೊದಲು ಇನ್ನೊಂದೇ ಭಾಗಾಕಾರ ಮಾಡಲಿ. ಅಮೆರಿಕದ ಜನ 34 ಕೋಟಿ. ತಲೆಗೆ ದಿನಕ್ಕೆ ಬೀಳುವುದು ಎರಡೂವರೆ ಸೆಂಟ್, ನಮ್ಮ ಎರಡು ರೂಪಾಯಿ. ಬೋಲ್ಡರ್‌ನ ದರದಲ್ಲಿ ಇಷ್ಟು ತೆರಿಗೆ ಹುಟ್ಟಲು ಒಬ್ಬ ಮನುಷ್ಯ ದಿನಕ್ಕೆ ಆರು ಡಾಲರ್ ಚಿಲ್ಲರೆ ಸಾಮಾನು ಕೊಂಡರೆ ಸಾಕು. ಊರಂಚಿನ ಜಮೀನು ಇಷ್ಟು ಅಗ್ಗಕ್ಕೆ ಸಿಗುತ್ತದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಿಗುವುದಿಲ್ಲ. ಬೆಲೆಯನ್ನು ಹತ್ತು ಪಟ್ಟು ಮಾಡಿಕೊಳ್ಳಿ. ಆಗಲೂ ದಿನಕ್ಕೆ ತಲೆಗೆ ಕಾಲು ಡಾಲರ್!